ತಾರಸಿಯ ಬಾಡಿಗೆ

20 ಜನವರಿ 2002, ಭಾನುವಾರ

ವಿಮಲಾ, ಹೇಗಿದ್ದೀಯಮ್ಮ? ಜಯಸಿಂಹ ಅವರ ಮಂಡಿ ಈ ಚಳಿಗೆ ಏನನ್ನುತ್ತಿದೆ? ಮೆಟ್ಟಿಲು ಹತ್ತಬೇಡಿ ಎಂದರೆ ಕೇಳುವ ಜೀವವಲ್ಲ ಅದು. ನಿನ್ನ ಮೊಮ್ಮಗ ನಚಿಕೇತನ ಕೆಮ್ಮು ಬಿಟ್ಟಿತೇ? ಮೆಣಸಿನ ಕಷಾಯಕ್ಕೆ ಬೆಲ್ಲ ಜಾಸ್ತಿ ಹಾಕು, ಕುಡಿಯುತ್ತಾನೆ. ಇಲ್ಲಿ ನಾನೂ ಸುರಭಿಯೂ ಇದ್ದೇವೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಮೈಸೂರಿಗೆ ಫೋನು ಅಗ್ಗವಾದ ಮೇಲೆ ನೀನು ಕಾಗದ ಓದುವುದು ಬಿಟ್ಟೆ. "ಅಣ್ಣಾ, ಅಷ್ಟುದ್ದ ಯಾಕ್ ಬರೀತೀಯಾ, ಒಂದು ಫೋನ್ ಮಾಡ್ಬಾರ್ದಾ" ಅನ್ನುತ್ತೀಯ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಬರೆಯದೆ ಇರುವುದೂ ಬರುವುದಿಲ್ಲ. ಅದಕ್ಕೇ ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯಲ್ಲಿ ನಿನಗೆ ಬರೆದ ಹಾಗೆ ನನಗೇ ಬರೆದುಕೊಳ್ಳುತ್ತೇನೆ.

ನಿನ್ನ ಅತ್ತಿಗೆ ಸೀತಾಲಕ್ಷ್ಮಿಯ ತಿಥಿಗೆ ನೀವಿಬ್ಬರೂ ಬಂದು ಹೋದಿರಿ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ಜಯಸಿಂಹ ಅವರು ಕೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ.

"ಭಾವ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾಲಾನಂತರ ಈ ಹುಡುಗಿ ಖರ್ಚು ಯಾರದು?"

ಸುರಭಿ ಪಕ್ಕದಲ್ಲೇ ಕೂತು ಪಾಯಸದ ಲೋಟಕ್ಕೆ ಬೆರಳು ಹಾಕಿ ನೆಕ್ಕುತ್ತಿದ್ದಳು. ಹುಡುಗಿ ಎನ್ನುತ್ತೇವೆ, ನನ್ನ ಮಗಳಿಗೆ ಮೂವತ್ತು ದಾಟಿದೆ. ಹುಟ್ಟುವಾಗ ಉಸಿರು ಕಟ್ಟಿದ್ದಕ್ಕೆ ಬುದ್ಧಿ ಐದಾರು ವರ್ಷದ ಮಗುವಿನದಾಗಿ ನಿಂತುಬಿಟ್ಟಿತು. ನೀನು ಅವಳ ಬಾಯಿ ಒರೆಸುತ್ತ ಹೇಳಿದೆ: "ಅಣ್ಣಾ, ದುಡ್ಡಿಂದೊಂದು ವ್ಯವಸ್ಥೆ ಅಂತ ಇದ್ರೆ ನಾನು ಕರ್ಕೊಂಡು ಹೋಗಲ್ವಾ? ಮಗ ಸೊಸೆ ಜೊತೆ ಇರೋಳು ನಾನು, ಬರೀ ಕೈಯಲ್ಲಿ ಹೇಗೆ ಕರ್ಕೊಳ್ಳಲಿ?"

ನ್ಯಾಯವಾದ ಮಾತು. ಅವತ್ತೇ ತೀರ್ಮಾನ ಮಾಡಿದೆ. ನಾನು ಕಣ್ಣು ಮುಚ್ಚಿದ ಮರುತಿಂಗಳೂ ತಪ್ಪದೆ ಬರುವಂಥ ದುಡ್ಡು ಬೇಕು. ಯಾರೂ ದುಡಿಯದೆ, ಯಾರನ್ನೂ ಕೇಳದೆ, ತಾನಾಗಿ ಬರುವಂಥದ್ದು. ಅದೊಂದಾದರೆ ಸುರಭಿಗೆ ನಿನ್ನ ಮನೆಯ ಬಾಗಿಲು ತೆರೆಯುತ್ತದೆ.

10 ಫೆಬ್ರವರಿ, ಭಾನುವಾರ

ನನ್ನ ಓದು ಏಳನೇ ಕ್ಲಾಸಿಗೆ ಮುಗಿಯಿತೆಂದು ನಿನಗೆ ಗೊತ್ತೇ ಇದೆ. ಕಾರ್ಖಾನೆಯ ಸ್ಟೋರಿನಲ್ಲಿ ಬೋಲ್ಟು ನಟ್ಟು ಕೊಡುತ್ತ, ಕಡ್ಲೆಪುರಿ ಕಟ್ಟಿ ಬಂದ ಇಂಗ್ಲಿಷ್ ಪೇಪರನ್ನು ಓದುತ್ತ ಷೇರು, ಬಡ್ಡಿ, ಡಿಬೆಂಚರು ಎಲ್ಲ ಕಲಿತೆ. ಅರ್ಧಂಬರ್ಧ ಕಲಿತದ್ದರ ಫಲವನ್ನೂ ಉಂಡಿದ್ದೇನೆ. ಹತ್ತು ವರ್ಷದ ಹಿಂದೆ ಒಂದು ಕಂಪನಿ ತೇಗದ ಗಿಡ ಮಾರಿತು. ಎಲ್ಲೋ ಬೆಳೆಯುವ ಗಿಡಕ್ಕೆ ಇಲ್ಲಿ ದುಡ್ಡು ಕಟ್ಟುವುದು, ಮರವಾದಾಗ ಲಕ್ಷ ಎಣಿಸುವುದು. ಕಂಪನಿಯೂ ಹೋಯಿತು, ಕಾಡೂ ಹೋಯಿತು. "ಬಚ್ಚಲಮನೆ ಬಾಗಿಲಿಗಾದ್ರೂ ಒಂದು ಹಲಗೆ ಕೊಡ್ತಾರಾ ಕೇಳ್ರೀ" ಎಂದು ಸೀತಾಲಕ್ಷ್ಮಿ ಕೊನೆಯವರೆಗೂ ಹಾಸ್ಯ ಮಾಡಿದಳು.

ಈಗ ಇರುವುದು ಪೋಸ್ಟಾಫೀಸಿನ ತಿಂಗಳ ಬಡ್ಡಿ, ಅದೂ ವರ್ಷ ವರ್ಷಕ್ಕೆ ಇಳಿಯುತ್ತಿದೆ. ಕಾರಿಲ್ಲದ ಕಾರ್ ಶೆಡ್ಡನ್ನು ಇಸ್ತ್ರಿಯವನಿಗೆ ಕೊಟ್ಟಿದ್ದೇನೆ. ಗೇಟಿನ ಹತ್ತಿರ ಒಂದು ರೂಪಾಯಿ ಹಾಕಿ ಮಾತಾಡುವ ಫೋನಿನ ಡಬ್ಬಿ ಇಡಿಸಿದ್ದೇನೆ. ನಾಣ್ಯ ಒಳಗೆ ಬಿದ್ದಾಗಲೆಲ್ಲ ಸುರಭಿ ಚಪ್ಪಾಳೆ ತಟ್ಟುತ್ತಾಳೆ. ಸಾರಕ್ಕಿ ಸಂತೆಗೆ ಬಂದವರು ಫೋನಿನಲ್ಲಿ ಅಳುವುದನ್ನೂ ಬೈಯುವುದನ್ನೂ ಕಿಟಕಿಯಲ್ಲಿ ಕೂತು ಕೇಳುತ್ತಾಳೆ.

ಉಳಿದದ್ದು ತಾರಸಿಯ ರೂಮು. ಶೀಟು ಹೊದಿಸಿದ ಒಂದೇ ಕೋಣೆ, ಮೂಲೆಯಲ್ಲಿ ಅಡಿಗೆ. ಅಲ್ಲಿ ಮುದ್ದೇಬಿಹಾಳದ ಕಡೆಯ ಚನ್ನವೀರ, ಅವನ ಹೆಂಡತಿ ದಾನಮ್ಮ, ಅವರ ಕೈಕೂಸು ಭಾಗ್ಯಜ್ಯೋತಿ ಇದ್ದಾರೆ. ಚನ್ನವೀರನಿಗೆ ಬಿಟಿಎಮ್ಮಿನ ಒಂದು ಆಫೀಸಿನಲ್ಲಿ ಕಾವಲು ಕೆಲಸ. ಸೀತಾಲಕ್ಷ್ಮಿ ಹೋದ ತಿಂಗಳೇ ಬಂದವರು. ಮೂರು ವರ್ಷವಾಯಿತು. ನಮ್ಮ ಬೀದಿಯ ಮಾಲೀಕರ ಪದ್ಧತಿ ನಿನಗೆ ಗೊತ್ತಲ್ಲ: ಹನ್ನೊಂದು ತಿಂಗಳಿಗೆ ಅಗ್ರಿಮೆಂಟು. ಒಂದೆರಡು ಸಲ ಮುಂದುವರಿಸಿ, ಆಮೇಲೆ ಎಂಥ ಒಳ್ಳೆಯವರಾದರೂ ಬದಲಾಯಿಸಬೇಕು. ಬಾಡಿಗೆಯವರು ಬೇರು ಬಿಟ್ಟರೆ ಕೀಳುವುದು ಕಷ್ಟ. ಇವರ ಅಗ್ರಿಮೆಂಟು ಮೇ ತಿಂಗಳಿಗೆ ಮುಗಿಯುತ್ತದೆ.

17 ಮಾರ್ಚ್, ಭಾನುವಾರ

ಇವತ್ತು ಎದೆ ಒಡೆದ ಹಾಗಾಯಿತು. ಒಣಹಾಕಿದ ಪಂಚೆ ತರಲು ತಾರಸಿಗೆ ಹೋದರೆ ಸುರಭಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾಳೆ, ಕಾಲ ಮೇಲೆ ಆ ಕೂಸು. ದಾನಮ್ಮ ಅತ್ತ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದಾಳೆ.

"ದಾನಮ್ಮ, ಮಗು ಎತ್ಕೊಳಮ್ಮ. ಇವಳಿಗೆ ಗೊತ್ತಾಗಲ್ಲ, ಬೀಳಿಸಿಬಿಡ್ತಾಳೆ."

ಅವಳು ತಿರುಗಲೂ ಇಲ್ಲ. "ನನಕಿಂತ ಚಲೋ ಹಿಡಿತಾಳ್ರಿ ಕಾಕಾರ. ನಾ ಒಮ್ಮೆ ಕೆಡವೀನಿ. ಸುರಭವ್ವ ಒಮ್ಮೇನೂ ಕೆಡವಿಲ್ಲ."

"ಇಲ್ರಿ" ಎಂದಳು ಸುರಭಿ.

ನನಗೆ ನಗು ಬಂತು, ಸಿಟ್ಟೂ ಬಂತು. ಮೂರು ವರ್ಷದಲ್ಲಿ ಇವಳ ಬಾಯಿಗೆ ಆ ಕಡೆಯ ಮಾತು ಕೂತುಬಿಟ್ಟಿದೆ. "ಊಟ ಮಾಡಮ್ಮ" ಎಂದರೆ "ಆಮ್ಯಾಲ್ರಿ" ಅನ್ನುತ್ತಾಳೆ. ಮೇಲೆ ಜೋಳದ ರೊಟ್ಟಿ ತಿಂದು ಬರುತ್ತಾಳೆ, ಮೂಗಿನ ಮೇಲೆ ಹಿಟ್ಟು ಇರುತ್ತದೆ, ಕೇಳಿದರೆ ಇಲ್ಲ ಅನ್ನುತ್ತಾಳೆ. ನಾನೂ ನೋಡಲಿಲ್ಲ ಅನ್ನುತ್ತೇನೆ. ನಮ್ಮ ಮನೆಯ ಮಡಿ ಸೀತಾಲಕ್ಷ್ಮಿಯ ಜೊತೆಗೇ ಹೋಯಿತು, ನಿನಗೆ ಹೇಳಿಲ್ಲ ಅಷ್ಟೆ.

ಒಂದು ಮಾತು ವಿಮಲಾ. ನಚಿಕೇತ ಹುಟ್ಟಿದಾಗ ಸುರಭಿ ಎರಡು ಕೈ ಚಾಚಿಕೊಂಡು ಎಷ್ಟು ಹೊತ್ತು ನಿಂತಿದ್ದಳು. ಯಾರೂ ಕೊಡಲಿಲ್ಲ. ನಾನೂ ಕೊಡಿ ಎನ್ನಲಿಲ್ಲ.

14 ಏಪ್ರಿಲ್, ಯುಗಾದಿಯ ಮರುದಿನ

ಶುಭ ಸುದ್ದಿ. ಜರಗನಹಳ್ಳಿಯ ಲಕ್ಕಪ್ಪ ಬಂದಿದ್ದ. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಅವರ ಬಾಡಿಗೆ ಮನೆಗಳಿವೆ. ಇವನು ಜನರ ತಾರಸಿಗಳನ್ನು ಮೊಬೈಲ್ ಕಂಪನಿಗೆ ಕೊಡಿಸುವ ಏಜೆಂಟು. ಹೋಳಿಗೆ ತಿಂದುಕೊಂಡೇ ವಿವರಿಸಿದ.

"ಸಾರ್, ಒಂದು ಟವರ್. ಹದಿನೈದು ವರ್ಷ ಅಗ್ರಿಮೆಂಟ್. ನಿಮ್ಗೆ ಏನೂ ಕೆಲಸ ಇಲ್ಲ. ಫ್ಯಾನ್ ಹಾಕ್ಕೊಂಡು ಮಲ್ಕೊಳ್ಳಿ, ದುಡ್ಡು ಅದ್ರ ಪಾಡಿಗೆ ಅದು ಬ್ಯಾಂಕಿಗೆ ನಡ್ಕೊಂಡ್ ಹೋಗತ್ತೆ."

"ನಾನು ಹೋದ್ಮೇಲೂ ಬರತ್ತೇನಪ್ಪ?"

"ನೀವು ಇರ್ಲಿ, ಕಂಪ್ನಿ ಓನರೇ ಇಲ್ದಿದ್ರೂ ಬರತ್ತೆ. ಇನ್ನೊಂದು ಹೋಳಿಗೆ ಹಾಕಿ ಸಾರ್."

ಅವನು ಹೇಳಿದ ಮೊತ್ತವನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಮಿಕ್ಕ ಆದಾಯವನ್ನೆಲ್ಲ ಸೇರಿಸಿದರೂ ಅದರ ಅರ್ಧವಾಗುವುದಿಲ್ಲ. ಸುರಭಿಯ ಹೆಸರೂ ಇರುವ ಜಂಟಿ ಖಾತೆಗೇ ನೇರವಾಗಿ ಹಾಕುತ್ತಾರಂತೆ. ಒಂದೇ ಷರತ್ತು. ಅವರ ಬ್ಯಾಟರಿ, ಮಷಿನ್ನುಗಳಿಗೆ ತಾರಸಿಯ ರೂಮು ಬೇಕು.

ಇಷ್ಟು ದಿನ ಹುಡುಕಿದ್ದು ಮನೆಯ ನೆತ್ತಿಯ ಮೇಲೇ ಇತ್ತು ನೋಡು.

28 ಏಪ್ರಿಲ್, ಭಾನುವಾರ

ಚನ್ನವೀರನನ್ನು ಕರೆದು ಹೇಳಿದೆ. ಅವನು ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತ.

"ನಮ್ಮಿಂದ ಏನರ ತಪ್ಪಾತೇನ್ರಿ ರಾಯರ?"

"ತಪ್ಪೇನಿಲ್ಲಪ್ಪ. ಅಗ್ರಿಮೆಂಟ್ ಮುಗೀತಲ್ಲ. ಟವರ್‌ನೋರು ರೂಮ್ ಬೇಕು ಅಂತಿದ್ದಾರೆ."

"ಮಂದಿ ಇರಾಕೇನ್ರಿ?"

"ಮಷಿನ್ ಇಡಕ್ಕೆ."

ಅವನು ನಕ್ಕ. "ಮಷಿನ್‌ಗೆ ನೀರ ಬ್ಯಾಡ, ನೆಂಟ್ರು ಬರೂದಿಲ್ಲ, ಕೂಸು ಅಳೂದಿಲ್ಲ. ನಮಕಿಂತ ಚಲೋ ಬಾಡಿಗಿದಾರ ಸಿಕ್ಕಾನ್ರಿ ನಿಮಗ."

ದಾನಮ್ಮ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳು ಕೇಳಿದ್ದು ಒಂದೇ. "ಸುರಭವ್ವಗ ಹೇಳೀರೇನ್ರಿ ಕಾಕಾರ?"

"ಅವಳಿಗೆ ಹೇಳಿದ್ರೆ ಏನು ಗೊತ್ತಾಗತ್ತಮ್ಮ?"

"ನೀವ ಹೇಳ್ರಿ. ನನ್ನ ಬಾಯಿಲೆ ಆಗೂದಿಲ್ಲ."

ಅವರಿಗೆ ಒಂದು ತಿಂಗಳು ಪೂರ್ತಿ ಸಮಯ ಕೊಟ್ಟಿದ್ದೇನೆ. ಬಂದಾಗ ಕೊಟ್ಟ ಅಡ್ವಾನ್ಸಿನಲ್ಲಿ ಸುಣ್ಣಬಣ್ಣಕ್ಕೆಂದು ಎಲ್ಲರೂ ಹಿಡಿದುಕೊಳ್ಳುವುದನ್ನೂ ನಾನು ಹಿಡಿಯುವುದಿಲ್ಲ. ಜೊತೆಗೆ ಸುರಭಿಗೆ ಟವರಿನ ದುಡ್ಡಿನಲ್ಲಿ ಒಬ್ಬ ಆಯಾ ಇಡಬಹುದು. ಯಾರಿಗೂ ಅನ್ಯಾಯವಾಗುವುದಿಲ್ಲ ಎಂದು ಎಲ್ಲ ಕಡೆಯಿಂದಲೂ ಯೋಚಿಸಿದ್ದೇನೆ.

ಸುರಭಿಗೆ ನಾಳೆ ಹೇಳಬೇಕು.

1 ಜೂನ್, ಶನಿವಾರ

ಹೋದರು. ಹುಳಿಮಾವಿನಲ್ಲಿ ಮನೆ ಸಿಕ್ಕಿದೆ. ಇದಕ್ಕಿಂತ ಚಿಕ್ಕದು, ಬಾಡಿಗೆ ಹೆಚ್ಚು, ಚನ್ನವೀರನಿಗೆ ಎರಡು ಬಸ್ಸು.

ನಾನು ಸುರಭಿಗೆ ಹೇಳಿರಲೇ ಇಲ್ಲ. ಟೆಂಪೋಗೆ ಸಾಮಾನು ಏರಿಸುವುದನ್ನು ನೋಡಿ ಇವಳು ಒಳಗೆ ಓಡಿದಳು. ಸೀತಾಲಕ್ಷ್ಮಿಯ ಹಳೆಯ ಬುಟ್ಟಿಗೆ ತನ್ನ ಎರಡು ಲಂಗ, ಬಾಚಣಿಗೆ, ದಿಂಬಿನ ಕವರು ತುಂಬಿಕೊಂಡು ಬಂದು ಟೆಂಪೋ ಹತ್ತಿ ಕೂಸಿನ ತೊಟ್ಟಿಲ ಪಕ್ಕ ಕೂತುಬಿಟ್ಟಳು. ಯಾರು ಎಳೆದರೂ ಇಳಿಯಲಿಲ್ಲ. ಇಸ್ತ್ರಿಯವನು, ಫೋನಿನ ಸಾಲಿನಲ್ಲಿ ನಿಂತವರು ಎಲ್ಲ ನೋಡುತ್ತಿದ್ದರು. ನಾನು ಗದರಿದೆ. ಕೈ ಕೂಡ ಎತ್ತಿದೆ.

ಕೊನೆಗೆ ದಾನಮ್ಮ ಅವಳ ಗಲ್ಲ ಹಿಡಿದು, "ಸುರಭವ್ವ, ಮ್ಯಾಲಿನ ಬಾಗಲಾ ತೆರದೈತಿ. ನೀ ಕಾಯ್ಕೋಂತ ಕುಂದ್ರು, ನಾ ಬರ್ತೀನಿ" ಎಂದಳು. ಸುರಭಿ ತಕ್ಷಣ ಇಳಿದು ಮೆಟ್ಟಿಲು ಹತ್ತಿ ಹೋದಳು. ಟೆಂಪೋ ಹೋದದ್ದನ್ನು ನೋಡಲೇ ಇಲ್ಲ.

ಅಂತೂ ರಂಪವಾಗದೆ ಮುಗಿಯಿತು.

12 ಜೂನ್, ಬುಧವಾರ

ಊಟ ಮೇಲೆಯೇ ಕೊಡುತ್ತಿದ್ದೇನೆ. ಖಾಲಿ ರೂಮಿನ ಹೊಸಿಲ ಮೇಲೆ ಕೂತಿರುತ್ತಾಳೆ. ಜಯನಗರದ ಏಜೆನ್ಸಿಯಿಂದ ಆಯಾ ಬಂದಿದ್ದಾಳೆ. ಶುಭ್ರವಾದ ಹೆಂಗಸು. ಅಭ್ಯಾಸವಾಗುತ್ತದೆ.

21 ಜುಲೈ, ಭಾನುವಾರ

ಟವರು ನಿಂತಿತು. ಬೀದಿಯ ತುದಿಯಿಂದಲೇ ಕಾಣುತ್ತದೆ. ರೂಮಿಗೆ ಕಬ್ಬಿಣದ ಬಾಗಿಲು ಹಾಕಿ ಕಂಪನಿಯವರೇ ಬೀಗ ಜಡಿದಿದ್ದಾರೆ. ಒಳಗಿನಿಂದ ಹಗಲೂ ರಾತ್ರಿ ಗುಂಯ್ ಎನ್ನುವ ಸದ್ದು. ಮೊದಲ ತಿಂಗಳ ಬಾಡಿಗೆ ಖಾತೆಗೆ ಬಂದಿದೆ. ನಾನು ಅದಕ್ಕಾಗಿ ಕಡ್ಡಿ ಕೂಡ ಅಲ್ಲಾಡಿಸಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಆ ಸಾಲು ನೋಡಿ ಬ್ಯಾಂಕಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಸೀತಾಲಕ್ಷ್ಮಿ ಇದ್ದಿದ್ದರೆ ತೇಗದ ಹಲಗೆಯ ಮಾತು ಬಿಡುತ್ತಿದ್ದಳು.

ನಿನಗೆ ಫೋನು ಮಾಡಿದೆ. ಜಯಸಿಂಹ ಅವರು ಕಿತ್ತುಕೊಂಡು ಮಾತಾಡಿದರು. "ಗೆದ್ರಿ ಬಿಡಿ ಭಾವ. ಏಳನೇ ಕ್ಲಾಸು ಓದಿ ನಮ್ಮನ್ನೆಲ್ಲ ಮೀರಿಸಿಬಿಟ್ರಿ." ದಸರೆ ಮುಗಿಯುತ್ತಲೇ ಬರುತ್ತೇವೆ, ಸುರಭಿಯ ವಿಷಯ ಕೂತು ಮಾತಾಡೋಣ ಎಂದರು.

ಸುರಭಿ ಈಗ ಕಬ್ಬಿಣದ ಬಾಗಿಲಿಗೆ ಕಿವಿ ಇಟ್ಟುಕೊಂಡು ಕೂರುತ್ತಾಳೆ. "ಒಳಗ ಅದಾರ್ರಿ" ಎಂದಳು ನಿನ್ನೆ. ಇಲ್ಲಮ್ಮ, ಮಷಿನ್ನು ಎಂದೆ. "ಭಾಗ್ಯಾ ಮಲಗ್ಯಾಳ್ರಿ" ಎಂದಳು. ಅದು ಬಿಟ್ಟರೆ ಬೇರೆ ಮಾತಿಲ್ಲ.

22 ಆಗಸ್ಟ್, ಗುರುವಾರ

ಇದನ್ನು ತಂಗಿಗೆ ಬರೆಯುವುದು ಹೇಗೆ ಎಂದು ನಾಲ್ಕು ದಿನ ಬರೆಯಲಿಲ್ಲ. ಇದು ಹೋಗುವ ಕಾಗದವಲ್ಲವಲ್ಲ, ಬರೆಯುತ್ತೇನೆ.

ಆಯಾ ಬಿಟ್ಟು ಹೋದಳು. ಸ್ನಾನಕ್ಕೆ ಕರೆದರೆ ಸುರಭಿ ಕಚ್ಚುತ್ತಾಳಂತೆ, ಕೈ ತೋರಿಸಿದಳು, ಹಲ್ಲಿನ ಗುರುತಿತ್ತು. ಅದೇ ಹೊತ್ತಿಗೆ ಇವಳ ತಿಂಗಳ ದಿನಗಳು ಬಂದವು. ಮನೆಯಲ್ಲಿ ಬೇರೆ ಹೆಂಗಸಿಲ್ಲ. ನಾನು ಬಚ್ಚಲ ಬಾಗಿಲ ಹೊರಗೆ ನಿಂತು, ಹೀಗೆ ಮಾಡಮ್ಮ, ಹಾಗೆ ಮಾಡಮ್ಮ ಎಂದು ಗೋಡೆಗೆ ಹೇಳುತ್ತಿದ್ದೆ. ಒಳಗೆ ಇವಳು "ದಾನಕ್ಕಾ, ದಾನಕ್ಕಾ" ಎಂದು ಕರೆಯುತ್ತಿದ್ದಳು, ತಾರಸಿಗೆ ಕೇಳುವಷ್ಟು ಜೋರಾಗಿ.

ಆಗ ಗೊತ್ತಾಯಿತು. ಸೀತಾಲಕ್ಷ್ಮಿ ಹೋಗಿ ಮೂರು ವರ್ಷ ಇದನ್ನೆಲ್ಲ ಯಾರು ಮಾಡುತ್ತಿದ್ದರು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಇವಳು ಮಿಂದು, ಜಡೆ ಹೆಣೆಸಿಕೊಂಡು, ಒಗೆದ ಬಟ್ಟೆಯಲ್ಲಿ ಮೆಟ್ಟಿಲಿಳಿದು ಬರುತ್ತಿದ್ದಳು. ನಾನು ಪೇಪರಿನಿಂದ ತಲೆಯೆತ್ತಿ ತಿಂಡಿ ಕೊಡುತ್ತಿದ್ದೆ. ಅವಳೇ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ದಾನಮ್ಮ ಒಂದು ದಿನವೂ ಹೇಳಿಕೊಳ್ಳಲಿಲ್ಲ.

17 ಅಕ್ಟೋಬರ್, ಗುರುವಾರ

ವಿಮಲಾ ಬಂದು ಎರಡು ದಿನವಿದ್ದು ಇವತ್ತು ಬೆಳಿಗ್ಗೆ ಹೋದಳು.

ಮೊದಲ ದಿನ ಚೆನ್ನಾಗಿಯೇ ಇತ್ತು. ಪಾಸ್‌ಬುಕ್ಕು, ಟವರಿನ ಅಗ್ರಿಮೆಂಟು ಎಲ್ಲ ಜಯಸಿಂಹ ಅವರು ಕನ್ನಡಕ ಹಾಕಿಕೊಂಡು ನೋಡಿದರು, ಮೆಚ್ಚಿದರು. ಎರಡನೆಯ ದಿನ ವಿಮಲಾ ಸುರಭಿಗೆ ಎಣ್ಣೆ ಹಚ್ಚಿ ನೀರೆರೆಯಲು ಕರೆದುಕೊಂಡು ಹೋದಳು. ಒಳಗಿನಿಂದ ಚೊಂಬು ಬಿದ್ದ ಸದ್ದು, ಸುರಭಿಯ ಕೂಗು. ಹೊರಗೆ ಬಂದಾಗ ವಿಮಲಾಳ ಸೀರೆ ಪೂರ್ತಿ ಒದ್ದೆ, ಬಳೆ ಒಡೆದು ಮುಂಗೈಯಲ್ಲಿ ಗೀರು. ಸೋಫಾದ ಅಂಚಿನಲ್ಲಿ ಕೂತು ಸುಮ್ಮನೆ ಅತ್ತಳು.

"ಅಣ್ಣಾ, ಬೈಬೇಡ. ನನ್ನ ಕೈಲಾಗಲ್ಲ."

"ವ್ಯವಸ್ಥೆ ಆಗಿದೆಯಲ್ಲಮ್ಮ ಈಗ. ನೀನೇ ತಾನೇ ಹೇಳಿದ್ದು?"

ಉತ್ತರ ಕೊಟ್ಟದ್ದು ಜಯಸಿಂಹ ಅವರು. ಕೆಟ್ಟ ದನಿಯಲ್ಲಿ ಅಲ್ಲ, ಸಮಾಧಾನ ಹೇಳುವವರ ಹಾಗೆ. "ವ್ಯವಸ್ಥೆ ಆಗಿರೋದಕ್ಕೇ ಹೇಳ್ತಿರೋದು ಭಾವ. ಇಂಥ ಮಕ್ಕಳಿಗೇ ಅಂತ ಹೋಂಗಳಿವೆ. ತಿಂಗಳು ತಿಂಗಳು ಕಟ್ಟೋರಿದ್ರೆ ಸಂತೋಷವಾಗಿ ಸೇರಿಸ್ಕೊಳ್ತಾರೆ. ದುಡ್ಡಿಲ್ದೆ ಇದ್ದಿದ್ರೆ ನಾವೇ ಹೇಗೋ ನೋಡ್ಕೋಬೇಕಾಗಿತ್ತು. ಈಗ ಆ ತಾಪತ್ರಯ ಯಾರಿಗೂ ಇಲ್ಲ."

ಕಾಫಿ ಮಾಡಲು ಎದ್ದು ಹೋದೆ. ಹಾಲು ಉಕ್ಕಿ ಒಲೆಯೆಲ್ಲ ಆಯಿತು.

10 ನವೆಂಬರ್, ಭಾನುವಾರ

ಸುರಭಿಯನ್ನು ಕರೆದುಕೊಂಡು ಹುಳಿಮಾವಿಗೆ ಹೋದೆ. ಬನ್ನೇರುಘಟ್ಟ ರಸ್ತೆಯ ಬಸ್ಸಿನಲ್ಲಿ ಇವಳು ಆ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಎಲ್ಲಿಗೆ ಎಂದು ನಾನು ಹೇಳಿರಲಿಲ್ಲ. ಆದರೂ ಬುಟ್ಟಿ ತಂದಿದ್ದಳು.

ಕೆರೆಯ ಹಿಂದಿನ ಓಣಿ. ಬಾಗಿಲು ತೆಗೆದ ದಾನಮ್ಮ ನನ್ನನ್ನು ನೋಡಲೇ ಇಲ್ಲ. ಸುರಭಿಯ ತಲೆ ಮುಟ್ಟಿ, "ಎಂಥಾ ತಲಿ ಮಾಡ್ಕೊಂಡಿಯವ್ವಾ ಇದು, ಗುಬ್ಬಿಗೂಡ ಆಗೇತಿ" ಎಂದು ಹೊಸಿಲಲ್ಲೇ ಕೂರಿಸಿಕೊಂಡು ಬಾಚತೊಡಗಿದಳು. ಬಾಚಣಿಗೆ ಸುರಭಿಯ ಬುಟ್ಟಿಯಲ್ಲೇ ಇತ್ತು. ಗಂಟು ಬಿಡಿಸುವಾಗ ನೋವಾದರೂ ಇವಳು ತುಟಿ ಪಿಟಕ್ಕೆನ್ನಲಿಲ್ಲ. ನಾನು ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ಓಣಿಯಲ್ಲಿ ನಿಂತಿದ್ದೆ.

ಭಾಗ್ಯಜ್ಯೋತಿ ಈಗ ನಡೆಯುತ್ತಾಳೆ. ಸುರಭಿ ಎರಡು ಕೈ ಚಾಚಿದಳು. ಕೂಸು ಗುರುತು ಮರೆತಿದೆ, ಹೆದರಿ ತಾಯಿಯ ಬೆನ್ನ ಹಿಂದೆ ಸೇರಿತು. ಸುರಭಿ ಕೈ ಇಳಿಸದೆ ಹಾಗೇ ಕೂತಿದ್ದಳು. ದಾನಮ್ಮ ಮಗುವನ್ನು ಎಳೆದು ತಂದು ಇವಳ ಕಾಲ ಮೇಲೆ ಕೂರಿಸಿ, "ಹಂಗ ಮಾಡಬಾರ್ದು, ನಿನ್ನ ಎತ್ತಿ ಆಡಿಸ್ದಾಕಿ ಅಕಿ" ಎಂದಳು. ಅದು ಅಳುತ್ತ ಕೂತಿತು. ಇವಳೂ ಅಳುತ್ತ ಹಿಡಿದುಕೊಂಡಿದ್ದಳು.

ಚಹಾ ಕುಡಿಯುವಾಗ ನಾನು ಮನಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದನ್ನು ಹೇಳಿದೆ. ಬಂದುಬಿಡಿ. ತಾರಸಿ ಇಲ್ಲದಿದ್ದರೇನು, ಕೆಳಗೆ ಎರಡು ಕೋಣೆ ಕೊಡುತ್ತೇನೆ, ಬಾಡಿಗೆ ಬೇಡ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. "ಟವರಿನ ದುಡ್ಡು ತಿಂಗಳಾ ತಿಂಗಳಾ ಬರತ್ತಲ್ಲಮ್ಮ, ಅದನ್ನೇ ನಿನಗೆ ಕೊಡ್ತೀನಿ. ಸುರಭಿ ನೋಡ್ಕೊಳ್ಳೋದಕ್ಕೆ" ಎಂದೆ.

ದಾನಮ್ಮ ಲೋಟ ಕೆಳಗಿಟ್ಟಳು. "ಅದಕ್ಕ ರೊಕ್ಕ ಕೊಡ್ತೀನಂತೀರಲ್ರಿ ಕಾಕಾರ. ಹಂಗಾರ ಮೂರು ವರ್ಷ ನಾ ಏನ್ ಮಾಡಿದೆ? ಕೂಲಿ ಇಲ್ದ ಕೂಲಿ ಮಾಡಿದ್ನೇನ್ರಿ?"

ಚನ್ನವೀರ ಮಾತು ಬದಲಿಸಿದ. "ಬಿಡ್ರಿ ರಾಯರ. ನಾವೂ ಊರಿಗೆ ಹೊಂಟೀವಿ. ಈ ಬಾಡಿಗಿ, ಬಸ್ ಚಾರ್ಜು ನೀಗೂದಿಲ್ಲ. ಮುದ್ದೇಬಿಹಾಳದಾಗ ಇಕಿ ಅಣ್ಣನ ಕಿರಾಣಿ ಅಂಗಡಿ ಐತಿ, ಅಲ್ಲೇ ನಿಲ್ಲತೀನಿ. ನಿಮ್ಮ ರೂಮಿನ್ಯಾಗ ಹೆಂಗೋ ನಡೀತಿತ್ತು." ಚೀಟಿಯಲ್ಲಿ ವಿಳಾಸ ಬರೆದುಕೊಟ್ಟ. ಒಳ್ಳೆಯ ಅಕ್ಷರ.

ಹೊರಡುವಾಗ ದಾನಮ್ಮ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದಳು. "ಅವತ್ತ ಟೆಂಪೋದಾಗಿಂದ ಇಳಿಸಾಕ ಸುಳ್ಳು ಹೇಳೀನ್ರಿ, ಬಾಗಲಾ ಕಾಯ್ಕೋಂತ ಕುಂದ್ರು, ಬರ್ತೀನಿ ಅಂತ. ಇನ್ನೂ ಕಾಯ್ತಾಳೇನ್ರಿ?"

ಇಲ್ಲಮ್ಮ, ಮರೆತಿದ್ದಾಳೆ ಎಂದೆ.

24 ನವೆಂಬರ್, ಭಾನುವಾರ

ಅವರು ಹೋಗಿರಬೇಕು ಇಷ್ಟು ಹೊತ್ತಿಗೆ.

ಸುರಭಿ ಮಾತು ಬಿಟ್ಟಿದ್ದಾಳೆ. "ರೀ" ಎಂದಾದರೂ ಅನ್ನಲಿ ಎಂದು ನಾನೇ ತಟ್ಟೆ ಮುಂದಿಟ್ಟು "ಉಣ್ರಿ ಸುರಭವ್ವ" ಅನ್ನುತ್ತೇನೆ. ಮುಖ ನೋಡುತ್ತಾಳೆ.

15 ಡಿಸೆಂಬರ್, ಭಾನುವಾರ

ಜೋಳದ ಹಿಟ್ಟು ತಂದು ರೊಟ್ಟಿ ಬಡಿದೆ. ಕರ್ನಾಟಕದ ನಕ್ಷೆಯ ಹಾಗೆ ಬಂತು, ಬೀದರ್ ಹರಿದುಹೋಯಿತು. ಸುರಭಿ ಅಂಚು ಮುರಿದು ಬಾಯಿಗಿಟ್ಟುಕೊಂಡಳು. ಅರ್ಧ ತಿಂದಳು. ಜಡೆ ಹಾಕುವುದು ನನಗೆ ಈಗ ಪರವಾಗಿಲ್ಲ. ಮೊದಮೊದಲು ಗೋಣಿಚೀಲ ಹೊಲಿದ ಹಾಗೆ ಇರುತ್ತಿತ್ತು. ಸ್ನಾನಕ್ಕೆ ಇಸ್ತ್ರಿಯವನ ಹೆಂಡತಿ ವಾರಕ್ಕೆರಡು ಸಲ ಬರುತ್ತಾಳೆ. ಕಚ್ಚಿಸಿಕೊಳ್ಳುತ್ತಾಳೆ, ಆದರೂ ಬರುತ್ತಾಳೆ.

ಲಕ್ಕಪ್ಪ ಸಿಕ್ಕಿದ್ದ. ಟವರು ತೆಗೆಸಪ್ಪ, ನನಗೆ ರೂಮು ವಾಪಸ್ಸು ಬೇಕು ಎಂದೆ. ತಮಾಷೆ ಎಂದುಕೊಂಡ.

"ಸಾರ್, ಹಾಕ್ಸಿ ಅಂತ ಜನ ನನ್ ಕಾಲ್ ಹಿಡೀತಾರೆ. ತೆಗ್ಸು ಅನ್ನೋರು ನೀವೊಬ್ರೇ. ಹದಿನೈದು ವರ್ಷ ಸೈನ್ ಹಾಕಿದೀರಲ್ಲ, ಅದು ಹೋಗಲ್ಲ ಬಿಡಿ. ನಾವು ಹೋಗ್ತೀವಿ ಅಷ್ಟೆ."

ಬ್ಯಾಂಕಿನವರು ಪಾಸ್‌ಬುಕ್ ತುಂಬಿಸಿಕೊಂಡು ಹೋಗಿ ಎಂದು ಹೇಳಿಕಳಿಸಿದ್ದಾರೆ. ಹೋಗಬೇಕು. ಎಡಗೈ ಜೋಮು ಹಿಡಿಯುತ್ತದೆ, ಬಸ್ಸಿನ ಕಂಬಿ ಹಿಡಿಯಲು ಆಗುತ್ತಿಲ್ಲ.

19 ಜನವರಿ 2003, ಭಾನುವಾರ

ಇದು ನಾಳೆ ಅಂಚೆಗೆ ಹಾಕುವುದರ ಕರಡು. ಹಳೆಯ ಡೈರಿಯಲ್ಲಿ ಇನ್ನೂ ಹಾಳೆಗಳಿವೆ.

ಅಮ್ಮಾ ದಾನಮ್ಮ, ನಿನಗೆ ಸೇತುರಾಮನ ಆಶೀರ್ವಾದ. ಹೇಗಿದ್ದೀಯ? ಚನ್ನವೀರನಿಗೆ ಅಂಗಡಿಯ ಕೆಲಸ ಒಗ್ಗಿತೇ? ಕಾವಲು ಕಾಯ್ದ ಕಾಲು, ಕೂತರೆ ಊದುತ್ತದೆ, ನಡೆದಾಡಲು ಹೇಳು. ಭಾಗ್ಯಜ್ಯೋತಿಗೆ ಎಷ್ಟು ಹಲ್ಲು ಬಂದವು?

ಬನ್ನಿ ಎಂದು ಕರೆಯಲು ಈ ಕಾಗದ ಬರೆಯುತ್ತಿಲ್ಲ. ರೊಕ್ಕದ ಮಾತೂ ಇದರಲ್ಲಿಲ್ಲ. ಅವತ್ತು ನಿನ್ನ ಮನೆಯಲ್ಲಿ ಕೂತು ನಾನು ಆಡಿದ್ದು ತಪ್ಪು. ನೀನು ಮಾಡಿದ್ದಕ್ಕೆ ಹೆಸರಿಡಲು ನನಗೆ ತಿಳಿಯಲಿಲ್ಲ, ಬೆಲೆ ಇಟ್ಟೆ.

ಡಾಕ್ಟರು ನನ್ನ ಎದೆಗೆ ಏನೋ ಮಾಡಿಸಬೇಕು ಎನ್ನುತ್ತಾರೆ. ಸುರಭಿಯನ್ನು ಬಿಟ್ಟು ಆಸ್ಪತ್ರೆಯಲ್ಲಿ ಮಲಗುವುದು ಹೇಗೆ? ಒಂದು ಹೋಂ ನೋಡಿ ಬಂದೆ. ಚೊಕ್ಕಟವಾಗಿದೆ, ಸಾಲಾಗಿ ಮಂಚಗಳಿವೆ. ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂದು ಮೊದಲು ಕೇಳಿದರು. ಎಷ್ಟಾದರೂ ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ, ಎದ್ದು ಬಂದೆ. ಆದರೆ ಇನ್ನೊಂದು ಸಲ ಹೋಗಬೇಕಾಗುತ್ತದೆ, ಗೊತ್ತು.

ನಿನ್ನಿಂದ ಒಂದೇ ಉಪಕಾರ ಬೇಕು. ಸುರಭಿಗೊಂದು ಕಾಗದ ಬರೆ. ನನ್ನ ಹೆಸರಿಗಲ್ಲ, ಅವಳ ಹೆಸರಿಗೇ. ಚನ್ನವೀರನ ಕೈಲಿ ಬರೆಸಿದರೂ ಸರಿ. ಅವಳ ಹೆಸರಿಗೆ ಈ ಮನೆಗೆ ಬರುವುದು ಬ್ಯಾಂಕಿನ ಲಕೋಟೆಗಳು ಮಾತ್ರ. ಅಂಚೆಯವನು ಅವಳ ಹೆಸರು ಕೂಗಿದರೆ ಅದು ನಿನ್ನದೇ ಎಂದು ತಿಳಿದು ಓಡಿ ಹೋಗಿ ಇಸಿದುಕೊಂಡು, ನನ್ನ ಎದುರು ಕೂತು, "ಓದ್ರಿ" ಅನ್ನುತ್ತಾಳೆ. ಈಗ ಅವಳ ಬಾಯಿಂದ ಬರುವುದು ಆ ಒಂದೇ ಮಾತು. ನಾನು ಬಾಡಿಗೆ ಜಮಾ ಆಗಿದೆ ಎಂದು ಇಂಗ್ಲಿಷಿನಲ್ಲಿರುವುದನ್ನು ಹಿಡಿದುಕೊಂಡು, ಭಾಗ್ಯಾ ಚೆನ್ನಾಗಿದ್ದಾಳೆ, ದಾನಕ್ಕ ಎಮ್ಮೆ ಕೊಂಡಿದ್ದಾಳೆ, ಎಮ್ಮೆ ಕರು ಹಾಕಿದೆ ಎಂದು ಓದುತ್ತೇನೆ. ಮೊನ್ನೆ ಕರುವಿಗೆ ಏನು ಹೆಸರು ಎಂದು ಕೇಳುವವಳ ಹಾಗೆ ನನ್ನ ಬಾಯನ್ನೇ ನೋಡುತ್ತಿದ್ದಳು. ನನಗೆ ಹೊಳೆಯಲಿಲ್ಲ.

ಮುಂದಿನ ತಿಂಗಳ ಲಕೋಟೆ ಬರುವುದರೊಳಗೆ ಬರೆಯಮ್ಮ. ನಾಲ್ಕು ಸಾಲಾದರೂ ಸಾಕು, ಬೇಗ ಬರೆ.